ಸ್ಲಾವಿಕ್ ಭಾಷೆಗಳ ಬಣ್ಣದ ಹೆಸರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಷ್ಯನ್ ಕಲಿಯೋಕೆ ಶುರು ಮಾಡಿದ ಮೊದಲ ತಿಂಗಳಲ್ಲೇ ನನ್ನನ್ನ ಹಿಡಿದು ನಿಲ್ಲಿಸಿದ್ದು ಬಣ್ಣದ ಪದಗಳು. ಒಂದೊಂದನ್ನ ಕೆದಕಿದಾಗ್ಲೂ ಒಳಗೆ ಏನಾದ್ರೂ ಒಂದು ವಸ್ತು ಸಿಗೋದು, ಹುಳ, ಪಾರಿವಾಳ, ಮರದ ತೊಗಟೆ ಹಿಂಗೆ. ಆಮೇಲೆ ಪೋಲಿಷ್, ಸರ್ಬಿಯನ್ ಕಡೆಗೂ ಕೈ ಹಾಕಿದೆ. ಈ ವಿಷಯ ಎತ್ತಿದಾಗೆಲ್ಲ ಸ್ನೇಹಿತರು, ಓದೋರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಇರ್ತವೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದು ಇಟ್ಟಿದೀನಿ. ಮೊದಮೊದಲಿನವು ಸುಲಭ, ಕೆಳಗೆ ಹೋದಂಗೆ ಸ್ವಲ್ಪ ಆಳಕ್ಕೆ ಹೋಗುತ್ತೆ.

## ಶುರುವಿನ ಪ್ರಶ್ನೆಗಳು

ಸ್ಲಾವಿಕ್ ಅಂದ್ರೆ ರಷ್ಯನ್ ತಾನೇ? ಬೇರೆ ಏನಿದೆ ಅದ್ರಲ್ಲಿ?

ರಷ್ಯನ್ ಆ ಕುಟುಂಬದ ಒಬ್ಬ ಸದಸ್ಯ ಅಷ್ಟೇ. ದ್ರಾವಿಡ ಅಂದ್ರೆ ಬರೀ ತಮಿಳಲ್ಲ ಅಂತ ನಾವು ಹೇಳ್ತೀವಲ್ಲ, ಹಂಗೇ. ಪೂರ್ವದ ಕಡೆ ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್. ಪಶ್ಚಿಮದಲ್ಲಿ ಪೋಲಿಷ್, ಚೆಕ್, ಸ್ಲೊವಾಕ್, ಮತ್ತೆ ಜರ್ಮನಿ ಒಳಗೇ ಸ್ವಲ್ಪ ಜನ ಆಡೋ ಸೋರ್ಬಿಯನ್. ದಕ್ಷಿಣದಲ್ಲಿ ಬಲ್ಗೇರಿಯನ್, ಮ್ಯಾಸಿಡೋನಿಯನ್, ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಸ್ಲೊವೇನಿಯನ್ ಇತ್ಯಾದಿ. ಇವಕ್ಕೆಲ್ಲ ತಾಯಿ ಆಗಿದ್ದ ಭಾಷೆಯನ್ನ ವಿದ್ವಾಂಸರು ಪ್ರೊಟೊ-ಸ್ಲಾವಿಕ್ ಅಂತಾರೆ, ಅದನ್ನ ಯಾರೂ ಬರೆದಿಟ್ಟಿಲ್ಲ, ಮಕ್ಕಳ ಮುಖ ನೋಡಿ ತಾಯಿ ಮುಖ ಊಹಿಸಿದಂಗೆ ಕಟ್ಟಿರೋದು. ಬರವಣಿಗೆ ಶುರುವಾಗಿದ್ದು 9ನೇ ಶತಮಾನದಲ್ಲಿ, ಕಿರಿಲ್ ಮತ್ತೆ ಮೆಥೋಡಿಯಸ್ ಅನ್ನೋ ಇಬ್ಬರು ಅಣ್ಣತಮ್ಮಂದಿರ ಧರ್ಮಪ್ರಚಾರದ ಕೆಲಸದಿಂದ.

ಮಾಸ್ಕೋದ ರೆಡ್ ಸ್ಕ್ವೇರ್‌ಗೆ ಆ ಹೆಸರು ಕಮ್ಯುನಿಸ್ಟರಿಂದ ಬಂದಿದ್ದಲ್ವಾ?

ಅಲ್ಲ, ಅವರಿಗಿಂತ ಎಷ್ಟೋ ಮುಂಚಿನದು, 17ನೇ ಶತಮಾನದ್ದು. ರಷ್ಯನ್‌ನಲ್ಲಿ ಅದು ಕ್ರಾಸ್ನಾಯ ಪ್ಲೋಶ್ಚದ್. ಕ್ರಾಸ್ನಿಯ್ ಅಂದ್ರೆ ಮೂಲದಲ್ಲಿ ಚೆಂದದ್ದು, ಸುಂದರವಾದ್ದು. ಈಗಲೂ ಕ್ರಸಾತಾ ಅಂದ್ರೆ ಸೌಂದರ್ಯ, ಕ್ರಸೀವಿಯ್ ಅಂದ್ರೆ ಸುಂದರ. ಜಾನಪದ ಕಥೆಗಳಲ್ಲಿ ಬರೋ ಕ್ರಾಸ್ನಾ ದೆವೀತ್ಸಾ ಕೆಂಪು ಹುಡುಗಿ ಅಲ್ಲ, ಚೆಲುವೆ. ಹಳ್ಳಿಮನೆಯಲ್ಲಿ ದೇವರ ಚಿತ್ರ ಇಡೋ ಮೂಲೆಗೆ ಕ್ರಾಸ್ನಿಯ್ ಊಗೊಲ್ ಅಂತಾರೆ, ಅದೂ ಮನೆಯ ಚೆಂದದ, ಗೌರವದ ಮೂಲೆ ಅನ್ನೋ ಅರ್ಥದಲ್ಲೇ. ಕಾಲ ಹೋದಂಗೆ ರಷ್ಯನ್ನರಿಗೆ ಎಲ್ಲಕ್ಕಿಂತ ಚೆಂದದ ಬಣ್ಣ ಅಂದ್ರೆ ಕೆಂಪೇ ಅನ್ನಿಸಿ ಆ ಪದ ಕೆಂಪಿಗೇ ಅಂಟಿಕೊಂಡು, ಕೆಂಪಿಗಿದ್ದ ಹಳೇ ಪದ ಮೂಲೆ ಸೇರಿತು. ಹಿಂಗೆ ಆಗಿದ್ದು ರಷ್ಯನ್‌ನಲ್ಲಿ ಮಾತ್ರ. ಪಕ್ಕದ ಉಕ್ರೇನಿಯನ್‌ನಲ್ಲಿ ಈಗಲೂ ಕೆಂಪಿಗೆ ಹಳೇ ಪದವೇ ಇದೆ, ಕ್ರಾಸ್ನಿಯ್‌ಗೆ ಹತ್ತಿರದ ಪದ ಅಲ್ಲಿ ಸುಂದರ ಅನ್ನೋ ಅರ್ಥದಲ್ಲೇ ಉಳಿದಿದೆ.

ರಷ್ಯನ್ನರಿಗೆ ನೀಲಿಗೆ ಎರಡು ಪದ ಅಂತೆ, ನಾವೂ ಆಕಾಶನೀಲಿ ಅಂತೀವಲ್ಲ, ಅದ್ರಲ್ಲೇನು ವಿಶೇಷ?

ನಾವು ಆಕಾಶನೀಲಿ ಅಂದಾಗ ಅದು ನೀಲಿಯ ಒಂದು ಬಗೆ. ಆದ್ರೆ ರಷ್ಯನ್‌ನಲ್ಲಿ ಸೀನಿಯ್ (ಗಾಢ ನೀಲಿ) ಬೇರೆ ಬಣ್ಣ, ಗೊಲುಬೋಯ್ (ತಿಳಿ ನೀಲಿ) ಬೇರೆ ಬಣ್ಣ, ಒಂದು ಇನ್ನೊಂದರ ಒಳಗೆ ಬರಲ್ಲ, ಎರಡನ್ನೂ ಸೇರಿಸಿ ಹೇಳೋ ಪದ ದಿನನಿತ್ಯದ ಮಾತಲ್ಲಿ ಇಲ್ಲ. ಅಲ್ಲಿ ಮಕ್ಕಳಿಗೆ ಕಾಮನಬಿಲ್ಲು ನೆನಪಿರಲಿ ಅಂತ ಒಂದು ವಾಕ್ಯ ಕಲಿಸ್ತಾರೆ, "ಫೆಸೆಂಟ್ ಹಕ್ಕಿ ಎಲ್ಲಿ ಕೂತಿದೆ ಅಂತ ಪ್ರತಿ ಬೇಟೆಗಾರನಿಗೂ ತಿಳೀಬೇಕು" ಅನ್ನೋ ಅರ್ಥದ್ದು, ಅದರ 7 ಪದಗಳ ಮೊದಲ ಅಕ್ಷರಗಳೇ 7 ಬಣ್ಣ. ಅದ್ರಲ್ಲಿ ಗೊಲುಬೋಯ್‌ಗೂ ಜಾಗ ಇದೆ, ಸೀನಿಯ್‌ಗೂ ಜಾಗ ಇದೆ.

ಗೊಲುಬೋಯ್ ಬಂದಿದ್ದು ಗೋಲುಬ್ ಅನ್ನೋ ಪದದಿಂದ, ಅಂದ್ರೆ ಪಾರಿವಾಳ. ಪಾರಿವಾಳ ಬೂದಿ ಬಣ್ಣ ಅಲ್ವಾ ಅಂತ ತಕ್ಷಣ ಕೇಳ್ತಾರೆ ಎಲ್ರೂ. ಮುಂದಿನ ಸಲ ಕಿಟಕಿ ಹತ್ರ ಪಾರಿವಾಳ ಕೂತಾಗ ಕುತ್ತಿಗೆ ನೋಡಿ, ಬಿಸಿಲು ಬಿದ್ದಾಗ ಅಲ್ಲಿ ಗರಿ ಹೊಳೆಯುತ್ತಲ್ಲ, ತಲೆ ಅಲ್ಲಾಡಿಸಿದಂಗೆ ನೀಲಿ ಹಸಿರು ಆಗ್ತಾ ಇರುತ್ತಲ್ಲ, ಆ ಹೊಳಪು ನೋಡಿ ಇಟ್ಟ ಹೆಸರು ಅಂತ ವಿವರಿಸ್ತಾರೆ.

ಬೆಲ್‌ಗ್ರೇಡ್, ಬೆಲಾರೂಸ್, ಮಾಂಟೆನೆಗ್ರೊ, ಇವುಗಳಲ್ಲೆಲ್ಲ ಬಣ್ಣ ಇದೆಯಾ?

ಇದೆ. ಬೆಲ್‌ಗ್ರೇಡ್‌ನ ಅಲ್ಲಿನವರು ಬೆಓಗ್ರಾದ್ ಅಂತಾರೆ, ಬಿಳಿ ಊರು. ಬೆಲಾರೂಸ್ ಅಂದ್ರೆ ಬಿಳಿ ರೂಸ್, ಇದನ್ನ ಬಿಳಿ ರಷ್ಯಾ ಅಂತ ಅನುವಾದ ಮಾಡಿದ್ರೆ ತಪ್ಪಾಗುತ್ತೆ, ರೂಸ್ ಅನ್ನೋದು ಈಗಿನ ರಷ್ಯಾಕ್ಕಿಂತ ಹಳೇ ಹೆಸರು, ಮೂರೂ ಪೂರ್ವ ಸ್ಲಾವಿಕ್ ಜನರಿಗೆ ಸೇರಿದ್ದು. ಹಿಂದೆ ಕೆಂಪು ರೂಸ್, ಕಪ್ಪು ರೂಸ್ ಅನ್ನೋ ಪ್ರದೇಶಗಳೂ ಇದ್ವು. ಮಾಂಟೆನೆಗ್ರೊಗೆ ಅಲ್ಲಿನ ಹೆಸರು ತ್ಸೃನಾ ಗೋರಾ, ಕರಿಬೆಟ್ಟ. ಪೋಲೆಂಡಿನ ಹಣ ಜ್ವೊತಿ ಕೂಡ ಬಣ್ಣದ್ದೇ, ಚಿನ್ನದ್ದು ಅಂತ ಅರ್ಥ.

## ಸ್ವಲ್ಪ ಒಳಗೆ ಹೋದ ಮೇಲೆ

ಕೆಂಪಿಗೂ ಹುಳಕ್ಕೂ ಏನೋ ಸಂಬಂಧ ಇದೆ ಅಂದಿದ್ರಿ, ಅದೇನದು?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ರಷ್ಯನ್ ಬಿಟ್ಟು ಹೆಚ್ಚಿನ ಸ್ಲಾವಿಕ್ ಭಾಷೆಗಳಲ್ಲಿ ಕೆಂಪಿಗೆ ಒಂದೇ ಥರದ ಪದ: ಪೋಲಿಷ್ ಚೆರ್ವೋನಿ, ಉಕ್ರೇನಿಯನ್ ಚೆರ್ವೋನಿಯ್, ಚೆಕ್ ಚೆರ್ವೆನೀ, ಬಲ್ಗೇರಿಯನ್ ಚೆರ್ವೆನ್, ಸರ್ಬಿಯನ್ ತ್ಸೃವೆನ್. ಎಲ್ಲದರ ಒಳಗೂ ಇರೋದು ಚೆರ್ವ್, ಅಂದ್ರೆ ಹುಳ. ಸುಮ್ನೆ ಯಾವುದೋ ಹುಳ ಅಲ್ಲ. ಪೋಲೆಂಡ್, ಉಕ್ರೇನ್ ಕಡೆಯ ಮರಳು ಮಣ್ಣಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯೋ ಒಂದು ಸಣ್ಣ ಗಿಡ ಇದೆ, ಅದರ ಬೇರಿಗೆ ಕಚ್ಚಿಕೊಂಡು ಒಂದು ಕೀಟ ಬದುಕುತ್ತೆ. ಹೆಣ್ಣು ಕೀಟದ ಮರಿ ನೋಡೋಕೆ ಕಾಲಿಲ್ಲದ ಒಂದು ಸಣ್ಣ ಗುಂಡಿನಂಗೆ ಇರುತ್ತೆ, ಊದಾ ಮಿಶ್ರಿತ ಕೆಂಪು, ಒತ್ತಿದ್ರೆ ರಕ್ತದಂಥ ರಸ. ಜೂನ್ ಕೊನೆ ಹೊತ್ತಿಗೆ, 24ರ ಸೇಂಟ್ ಜಾನ್ ಹಬ್ಬದ ಆಸುಪಾಸಿನಲ್ಲಿ, ಜನ ಗಿಡ ಕಿತ್ತು ಬೇರಿಂದ ಈ ಹುಳ ಬಿಡಿಸಿ ಗಿಡವನ್ನ ವಾಪಸ್ ನೆಡ್ತಿದ್ರು. ಹುಳನ ಬಿಸಿನೀರಲ್ಲೋ ವಿನೆಗರ್‌ನಲ್ಲೋ ಸಾಯಿಸಿ ಒಣಗಿಸಿದ್ರೆ ಬಣ್ಣ ರೆಡಿ. ಉಣ್ಣೆ, ರೇಷ್ಮೆಗೆ ಹಾಕೋ ದುಬಾರಿ ಬಣ್ಣ ಅದು, ದೂರದೂರಕ್ಕೆ ಮಾರಾಟ ಆಗ್ತಿತ್ತು.

ಆ ಕೆಲಸ ಎಷ್ಟು ಮುಖ್ಯ ಆಗಿತ್ತು ಅಂದ್ರೆ ಜೂನ್ ತಿಂಗಳಿಗೇ ಹುಳದ ಹೆಸರು: ಪೋಲಿಷ್ ಚೆರ್ವಿಯೆತ್ಸ್, ಉಕ್ರೇನಿಯನ್ ಚೆರ್ವೆನ್, ಚೆಕ್ ಚೆರ್ವೆನ್, ಚೆಕ್‌ನಲ್ಲಂತೂ ಜುಲೈ ಕೂಡ ಚೆರ್ವೆನೆತ್ಸ್. (ತಿಂಗಳ ಹೆಸರು ಜೇನುಗೂಡಿನ ಮರಿಹುಳದಿಂದ ಬಂದಿದ್ದು ಅನ್ನೋ ವಾದವೂ ಇದೆ.) 16ನೇ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋದಿಂದ ಪಾಪಸುಕಳ್ಳಿ ಮೇಲೆ ಬೆಳೆಯೋ ಇನ್ನೊಂದು ಬಣ್ಣದ ಹುಳ ತಂದ್ರು, ಅದ್ರಲ್ಲಿ ಬಣ್ಣ ಹೆಚ್ಚು, ಕೂಡಿಸೋದೂ ಸುಲಭ, ಪೋಲೆಂಡಿನ ವ್ಯಾಪಾರ ಕುಸಿದುಬಿತ್ತು. ಹುಳ ಕೂಡಿಸೋರು ಇಲ್ಲವಾದ್ರು, ಪದ ಮಾತ್ರ ದಿನಾ ಬಾಯಲ್ಲಿದೆ.

ಈ ಚೆರ್ವ್ ಮತ್ತೆ ನಾವು ಸಂಸ್ಕೃತದಿಂದ ತಗೊಂಡಿರೋ ಕ್ರಿಮಿ ದೂರದ ಬಂಧುಗಳು. ಹಳೇ ರಷ್ಯನ್‌ನಲ್ಲಿ ಕೆಂಪಿಗೆ ಚೆರ್ಮ್ನಿಯ್ ಅಂತ ಇತ್ತು, ಅದ್ರಲ್ಲಿ ಕ್ರಿಮಿಯ "ಮ" ಕೂಡ ಹಂಗೇ ಇದೆ ನೋಡಿ. ಪರ್ಶಿಯಾ ಕಡೆ ಇದೇ ಬಳಗದ ಕಿರ್ಮ್ ಅನ್ನೋ ಪದದಿಂದ ಕಿರ್ಮಿಜ್ ಅಂತ ಬಣ್ಣದ ಹೆಸರಾಗಿ, ಒಂದು ಕವಲು ಯುರೋಪಿಗೆ ಹೋಗಿ ಕ್ರಿಮ್ಸನ್, ಕಾರ್ಮೈನ್ ಆಯ್ತು, ಇನ್ನೊಂದು ನಮ್ಮ ಕಡೆ ಬಂದು ಕನ್ನಡ ನಿಘಂಟಲ್ಲಿ ಕಿರಮಂಜಿ ಆಗಿ ಕೂತಿದೆ.

ಹಸಿರು, ಹಳದಿ, ಚಿನ್ನ ಮೂರಕ್ಕೂ ರಷ್ಯನ್‌ನಲ್ಲಿ ಪದಗಳು ಹತ್ತಿರ ಹತ್ತಿರ ಕೇಳಿಸ್ತವೆ, ಕಾಕತಾಳೀಯನಾ?

ಕಾಕತಾಳೀಯ ಅಲ್ಲ. ಜೆಲ್ಯೋನಿಯ್ (ಹಸಿರು), ಝೋಲ್ತಿಯ್ (ಹಳದಿ), ಜೋಲೊತೊ (ಚಿನ್ನ) ಮೂರೂ ಒಂದೇ ಬೇರಿನವು, ಎಳೆ ಹುಲ್ಲಿಂದ ಹಿಡಿದು ಹೊಳೆಯೋ ಹಳದಿವರೆಗೆ ಒಂದೇ ಪಟ್ಟಿ ಅಂತ ಹಳಬರು ನೋಡಿದ್ರು ಅನ್ಸುತ್ತೆ. ಪಿತ್ತಕ್ಕೆ ಹೇಳೋ ಝೋಲ್ಚ್ ಕೂಡ ಇದೇ ಗುಂಪು. ಸಂಸ್ಕೃತದಲ್ಲಿ ಇದರ ನೆಂಟರು ಹರಿ, ಹರಿತ, ಹಿರಣ್ಯ. ಅರಿಶಿನಕ್ಕೆ ಹರಿದ್ರಾ ಅಂತಾರಲ್ಲ, ಅದು ಪ್ರಾಕೃತದ ದಾರಿ ಹಿಡಿದು ಬಂದು ನಮ್ಮ ಹಳದಿ ಆಗಿದೆ, ಅಂದ್ರೆ ನಮ್ಮ ಹಳದಿಗೂ ಮಾಸ್ಕೋದ ಝೋಲ್ತಿಯ್‌ಗೂ ಎಲ್ಲೋ ಹಿಂದೆ ಒಬ್ಬಳೇ ಅಜ್ಜಿ.

ಹಸಿರಿನ ಪದ ಬಣ್ಣಕ್ಕಿಂತ ಹೆಚ್ಚಾಗಿ ಬೆಳೆಯೋದು, ಎಳಸು ಅನ್ನೋ ಕಡೆ ಎಳೆಯುತ್ತೆ. ಸ್ಲೊವೇನಿಯನ್ ಜೆಲ್ಯೆ, ಚೆಕ್ ಜೆಲೀ ಅಂದ್ರೆ ಎಲೆಕೋಸು, ರಷ್ಯನ್ ಜೇಲ್ಯೆ ಅಂದ್ರೆ ಗಿಡಮೂಲಿಕೆಯ ಕಷಾಯ. ಅನುಭವ ಇಲ್ಲದ ಹುಡುಗನಿಗೂ ರಷ್ಯನ್ನರು ಜೆಲ್ಯೋನಿಯ್ ಅಂತಾರೆ. ನಮ್ಮಲ್ಲೂ ಹಸಿ ಮತ್ತೆ ಹಸಿರು ಒಂದೇ ಬುಡದವು ತಾನೇ, ಹಸಿ ಮೆಣಸಿನಕಾಯಿ, ಹಸಿ ಕಟ್ಟಿಗೆ, ಹಸಿ ಸುಳ್ಳು.

ಸರ್ಬಿಯಾದ ಗೆಳತಿ ತನ್ನ ತಂಗಿಗೆ ನೀಲಿ ಕೂದಲು ಅಂದ್ಲು, ಫೋಟೋದಲ್ಲಿ ಬ್ಲಾಂಡ್ ಇದೆ, ಏನಿದು?

ಅವಳು ಪ್ಲಾವಾ ಕೋಸಾ ಅಂದಿರ್ತಾಳೆ. ಸರ್ಬಿಯನ್‌ನಲ್ಲಿ ಪ್ಲಾವ್ ಅಂದ್ರೆ ನೀಲಿ, ಆದ್ರೆ ಕೂದಲಿಗೆ ಹೇಳಿದ್ರೆ ಬ್ಲಾಂಡ್. ಮೂಲ ಅರ್ಥ ಮಾಸಿದ, ತಿಳಿ ಬಣ್ಣದ ಅಂತ. ಚೆಕ್‌ನಲ್ಲಿ ಪ್ಲಾವೀ, ಪೋಲಿಷ್‌ನಲ್ಲಿ ಪ್ವೋವಿ ಈಗಲೂ ಹೊಂಬಣ್ಣದ ಕಡೆಯೇ ಇವೆ. ಸರ್ಬಿಯನ್‌ನಲ್ಲಿ ತಿಳಿ ಅನ್ನೋದು ತಿಳಿನೀಲಿಗೆ ಜಾರಿ, ಅಲ್ಲಿಂದ ಇಡೀ ನೀಲಿಗೇ ಹಬ್ಬಿತು, ಕೂದಲಲ್ಲಿ ಮಾತ್ರ ಹಳೇ ಅರ್ಥ ಉಳೀತು. ತಲೆ ನೆರೆತದ್ದಕ್ಕೆ ಸಂಸ್ಕೃತದಲ್ಲಿ ಪಲಿತ ಅಂತಾರಲ್ಲ, ಅದೂ ಇದೇ ಬಳಗ.

ನೀಲಿ ವಿಷಯದಲ್ಲಿ ಸ್ಲಾವಿಕ್ ಭಾಷೆಗಳು ಒಂದು ಮಾತಿಗೆ ಬಂದೇ ಇಲ್ಲ. ಚೆಕ್ ಮೋದ್ರೀ, ಬಲ್ಗೇರಿಯನ್ ಸಿನ್, ಪೋಲಿಷ್ ನಿಯೆಬ್ಯೆಸ್ಕಿ (ನಿಯೆಬೊ ಅಂದ್ರೆ ಆಕಾಶ, ನಮ್ಮ ನಭಸ್ಸಿನ ನೆಂಟ). ಪೋಲಿಷ್‌ನಲ್ಲಿ ಸಿನಿ ಅಂದ್ರೆ ಏಟು ಬಿದ್ದು ಕಂದಿದ ಬಣ್ಣ.

ಕಂದು ಬಣ್ಣಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಪದ ಯಾಕೆ?

ಯಾಕಂದ್ರೆ ತಾಯಿ ಭಾಷೆಯಲ್ಲಿ ಇಡೀ ಕಂದಿಗೆ ಅಂತ ಒಂದು ಪದ ಇರ್ಲಿಲ್ಲ. ಬೇಕಾದಾಗ ಒಬ್ಬೊಬ್ಬರು ಕೈಗೆ ಸಿಕ್ಕಿದ ವಸ್ತು ಎತ್ತಿಕೊಂಡ್ರು. ಸ್ಲೊವೇನಿಯನ್ ರ್ಯಾವ್, ತುಕ್ಕಿನಿಂದ. ಪೋಲಿಷ್ ಬ್ರೊಂಜೋವಿ, ಕಂಚಿನಿಂದ. ಬಲ್ಗೇರಿಯನ್ ಕಫ್ಯಾವ್, ಕಾಫಿಯಿಂದ, ನಮ್ಮೋರು ಸೀರೆ ಅಂಗಡಿಯಲ್ಲಿ ಕಾಫಿ ಕಲರ್ ತೋರಿಸಿ ಅನ್ನೋ ಹಂಗೇ. ಸರ್ಬಿಯನ್ ಬ್ರಾವೊನ್ ಜರ್ಮನ್‌ನಿಂದ ಬಂದ ಪದ. ರಷ್ಯನ್ ಕೊರೀಚ್ನೆವಿಯ್ ದಾಲ್ಚಿನ್ನಿಯಿಂದ: ಕೊರಾ ಅಂದ್ರೆ ತೊಗಟೆ, ಕೊರೀತ್ಸಾ ಅಂದ್ರೆ ಪುಟ್ಟ ತೊಗಟೆ, ಅದೇ ದಾಲ್ಚಿನ್ನಿ. ನಾವು ಅದೇ ಮಸಾಲೆಗೆ ಚಕ್ಕೆ ಅಂತೀವಿ, ಅದೂ ಮರದ ಚಕ್ಕೆಯೇ. ಸಾವಿರಾರು ಮೈಲಿ ದೂರದ ಎರಡು ಅಡುಗೆಮನೆಗಳು ಒಂದೇ ತುಂಡನ್ನ ನೋಡಿ ಒಂದೇ ಥರ ಯೋಚಿಸಿದ್ದು ನನಗೆ ಬಹಳ ಖುಷಿ ಕೊಡುತ್ತೆ.

ಆರೆಂಜ್, ಪಿಂಕ್, ಪರ್ಪಲ್?

ಇವೆಲ್ಲ ಈಚೆಗೆ ಬಂದವು, ಹೆಚ್ಚಾಗಿ ಹೂವು ಹಣ್ಣಿನಿಂದ. ಪಿಂಕ್ ಎಲ್ಲ ಕಡೆ ಗುಲಾಬಿಯೇ: ರಷ್ಯನ್ ರೋಜೊವಿಯ್, ಪೋಲಿಷ್ ರುಝೋವಿ. ನೇರಳೆಗೆ ರಷ್ಯನ್ ಫಿಯಲೇತೊವಿಯ್ ವಯೊಲೆಟ್ ಹೂವಿನ ಹೊರಗಿನ ಹೆಸರಿಂದ, ಸರ್ಬಿಯನ್ ಲ್ಯುಬಿಚಾಸ್ತ್ ಅದೇ ಹೂವಿನ ತಮ್ಮದೇ ಹೆಸರಿಂದ. ಕಿತ್ತಳೆ ಬಣ್ಣಕ್ಕೆ ರಷ್ಯನ್ ಒರಾಂಝೆವಿಯ್ ಫ್ರೆಂಚ್‌ನಿಂದ ಬಂತು, ದಾರಿಯಲ್ಲಿ ಮೊದಲಿನ "ನ" ಕಳಕೊಂಡು. ಕ್ರೊಯೇಷಿಯನ್ ನರಾಂಚಾಸ್ತ್‌ನಲ್ಲಿ ಆ "ನ" ಉಳಿದಿದೆ, ಸಂಸ್ಕೃತದ ನಾರಂಗ ಕಣ್ಣಿಗೆ ಕಾಣುತ್ತೆ. ಆ ನಾರಂಗ ಸಂಸ್ಕೃತಕ್ಕೆ ದ್ರಾವಿಡ ಭಾಷೆಯಿಂದ ಹೋಗಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಕುದುರೆಗೆ, ಕಣ್ಣಿಗೆ, ಕೂದಲಿಗೆ ಬೇರೆ ಬೇರೆ ಬಣ್ಣದ ಪದ ಯಾಕೆ?

ದಿನಾ ಕೆಲಸಕ್ಕೆ ಬೇಕಾದ್ದನ್ನ ಜನ ಸಣ್ಣ ಸಣ್ಣದಾಗಿ ಬೇರೆ ಮಾಡ್ತಾರೆ. ರಷ್ಯನ್‌ನಲ್ಲಿ ಕರಿ ಕುದುರೆ ವೊರೊನೋಯ್, ಕಾಗೆಯ ಜಾತಿಯ ವೋರೊನ್ ಹಕ್ಕಿಯಿಂದ. ಕಂದುಗೆಂಪು ಕುದುರೆ ಗ್ನೆದೋಯ್, ಬೂದಿ ಬಣ್ಣದ್ದು ಸೀವಿಯ್. ಬುಲಾನಿಯ್, ಚಾಲಿಯ್ ಅಂಥವು ತುರ್ಕಿಕ್ ಜನರಿಂದ ಬಂದವು, ಕುದುರೆ ಜೊತೆ ಕುದುರೆ ಪದವೂ ಬಂತು. ಕಂದು ಕಣ್ಣಿಗೆ ಹೇಳೋ ಕಾರಿಯ್ ಕೂಡ ತುರ್ಕಿಕ್ ಕರಾ (ಕಪ್ಪು) ದಿಂದ. ನೆರೆತ ಕೂದಲು ಸೆದೋಯ್, ಬೂದಿ ಬಣ್ಣದ ಕೋಟು ಸೇರಿಯ್, ಇವನ್ನ ಅದಲುಬದಲು ಮಾಡಂಗಿಲ್ಲ. ತಮಾಷೆ ಅಂದ್ರೆ ಈ ಗ್ನೆದೋಯ್ ಪದವೇ ಚೆಕ್‌ಗೆ ಹೋದ್ರೆ ಹ್ನ್ಯೆದೀ, ಅಲ್ಲಿ ಕುದುರೆ, ಮೇಜು, ಬೂಟು ಎಲ್ಲದಕ್ಕೂ ಸಾಮಾನ್ಯ ಕಂದು. ಬಣ್ಣದ ಪದ ಲಾಯದಿಂದ ಆಚೆ ಬಂದು ಊರೆಲ್ಲ ಓಡಾಡಿದ್ದಕ್ಕೆ ಇದೇ ಒಳ್ಳೇ ಉದಾಹರಣೆ.

## ಆಳದ ಪ್ರಶ್ನೆಗಳು

ಇಷ್ಟೆಲ್ಲ ಸಂಸ್ಕೃತ ಹೋಲಿಕೆ ಇದ್ರೆ ರಷ್ಯನ್ ಸಂಸ್ಕೃತದಿಂದಲೇ ಹುಟ್ಟಿದ್ದು ಅಂತ ತಾನೇ ಅರ್ಥ?

ಇಲ್ಲ, ಇದನ್ನ ಗಟ್ಟಿಯಾಗಿ ಹೇಳಬೇಕು. ಇಬ್ಬರೂ ಒಂದೇ ಪೂರ್ವಜರ ಮರಿಮಕ್ಕಳು, ಒಬ್ಬರಿಂದ ಇನ್ನೊಬ್ಬರು ಹುಟ್ಟಿಲ್ಲ. ಬರೀ ಹೋಲಿಕೆ ಸಾಲಲ್ಲ, ವ್ಯತ್ಯಾಸ ಕೂಡ ಲೆಕ್ಕಕ್ಕೆ ಸಿಗಬೇಕು, ನಂಬಿಕೆ ಬರೋದು ಆಗ. ಸಂಸ್ಕೃತದಲ್ಲಿ "ಹ" ಇರೋ ಕಡೆ ಸ್ಲಾವಿಕ್‌ನಲ್ಲಿ ಮತ್ತೆ ಮತ್ತೆ "ಜ" ಸಿಗುತ್ತೆ: ಹಿಮ ಅಂದ್ರೆ ಅಲ್ಲಿ ಜಿಮಾ (ಚಳಿಗಾಲ), ವಾಹನದ ವಹ್ ಅಂದ್ರೆ ವೆಜ್ (ಹೊತ್ತು ಒಯ್ಯು), ಹರಿ ಅಂದ್ರೆ ಜೆಲೆನ್.

ಕಪ್ಪು ನೋಡಿ. ಚೋರ್ನಿಯ್ (ರಷ್ಯನ್), ಚಾರ್ನಿ (ಪೋಲಿಷ್), ಚೆರ್ನೀ (ಚೆಕ್) ಇವೆಲ್ಲ ಸಂಸ್ಕೃತದ ಕೃಷ್ಣ ಪದದ ಸೋದರಸಂಬಂಧಿಗಳು. "ಕ" ಹೆಂಗೆ "ಚ" ಆಯ್ತು? ಮುಂದೆ ಇ ಥರದ ಸ್ವರ ಬಂದಾಗ ಸ್ಲಾವಿಕ್‌ನಲ್ಲಿ ಕ ಮೆತ್ತಗಾಗಿ ಚ ಆಗಿಬಿಡ್ತು. ನಮಗೆ ಇದು ಹೊಸದಲ್ಲ, ನಮ್ಮ ಕಿವಿ ತಮಿಳಲ್ಲಿ ಸೆವಿ, ನಮ್ಮ ಕೆಂಪಿನ ಕೆಮ್ ಅಲ್ಲಿ ಚೆಮ್. ಇನ್ನು ಸರ್ಬಿಯನ್‌ನವರು ಕಪ್ಪಿಗೆ ತ್ಸೃನ್ ಅಂತಾರೆ, ಸ್ವರವೇ ಇಲ್ಲ, ರ್ ತಾನೇ ಸ್ವರದ ಕೆಲಸ ಮಾಡುತ್ತೆ. ಲ್ಯಾಟಿನ್ ಲಿಪಿಯಲ್ಲಿ ಅದನ್ನ ನೋಡಿದೋರು ಹೆಂಗಪ್ಪಾ ಓದೋದು ಅಂತ ಗಾಬರಿ ಆಗ್ತಾರೆ, ಕನ್ನಡದಲ್ಲಿ ಬರೆದ್ರೆ ಒಂದು ವಟ್ರಸುಳಿ ಸಾಕು. ನಾನು ಮೊದಲ ಸಲ ನನ್ನ ನೋಟ್‌ಬುಕ್‌ನಲ್ಲಿ ಕೃಷ್ಣ, ತ್ಸೃನ್ ಅಂತ ಒಂದರ ಕೆಳಗೆ ಒಂದು ಬರೆದು ಆ ಸುಳಿ ಎರಡೂ ಕಡೆ ಇರೋದನ್ನ ನೋಡಿದ ದಿನ ಇನ್ನೂ ನೆನಪಿದೆ.

ಉಕ್ರೇನಿಯನ್‌ನಲ್ಲಿ ವೈಟ್‌ಗೆ ಬಿಲಿಯ್ ಅಂತಾರೆ, ನಮ್ಮ ಬಿಳಿ! ಇದೂ ಸಂಬಂಧನಾ?

ಖಾರ್ಕಿವ್ ಕಡೆ ಮೆಡಿಕಲ್ ಓದೋಕೆ ಹೋಗಿದ್ದ ನಮ್ಮ ಹುಡುಗರು ಇದನ್ನ ತಪ್ಪದೇ ಕೇಳ್ತಾರೆ. ಇದು ಬರೀ ಹೋಲಿಕೆ. ಎರಡು ಪದಗಳನ್ನೂ ಹಿಂದಕ್ಕೆ ನಡೆಸಿಕೊಂಡು ಹೋದ್ರೆ ದೂರ ದೂರ ಆಗ್ತವೆ, ಹತ್ತಿರ ಬರಲ್ಲ. ಉಕ್ರೇನಿಯನ್ ಬಿಲಿಯ್‌ನ "ಇ" ಹೊಸದು, ಮೊದಲು ಅಲ್ಲಿ "ಎ" ಥರದ ಸ್ವರ ಇತ್ತು, ರಷ್ಯನ್‌ನಲ್ಲಿ ಈಗಲೂ ಬೇಲಿಯ್. ಅದರ ಬೇರು ಹೊಳೆಯೋದು ಅನ್ನೋ ಅರ್ಥದ್ದು, ಪ್ರಭೆ, ಭಾಸ್ಕರ ಇವುಗಳಲ್ಲಿರೋ ಭಾ. ನಮ್ಮ ಬಿಳಿಯ "ಬ" ಹೊಸದು, ಮೊದಲು ಅಲ್ಲಿ "ವ" ಇತ್ತು, ತಮಿಳಲ್ಲಿ ಈಗಲೂ ವೆಳ್ಳೈ. ಬೆಳ್ಳಿ, ಬೆಳಗು, ಬೆಳದಿಂಗಳು ಎಲ್ಲ ಆ ಮನೆಯವು, ಅಪ್ಪಟ ದ್ರಾವಿಡ. ತುರ್ಕಿಕ್ ಕರಾ ಮತ್ತೆ ನಮ್ಮ ಕರಿ ಕೂಡ ಇಂಥದ್ದೇ ಹೋಲಿಕೆ.

ಹಿಂದೆ ಸೀನಿಯ್ ಅಂದ್ರೆ ಕಪ್ಪು ಅಂತಿತ್ತಾ?

ಹೆಚ್ಚುಕಮ್ಮಿ ಹೌದು, ಕಪ್ಪು ಕಡೆಗೆ ವಾಲಿದ ಗಾಢ ಬಣ್ಣ, ಅದ್ರಲ್ಲೂ ಒಳಗಿಂದ ಮಿನುಗು ಇರೋದು. ರಾಜಕುಮಾರ ಇಗೊರ್‌ನ ದಂಡಯಾತ್ರೆಯ ಹಳೇ ಕಾವ್ಯದಲ್ಲಿ ಕೀವ್‌ನ ದೊರೆ ಒಂದು ಕೆಟ್ಟ ಕನಸು ಕಾಣ್ತಾನೆ, ಅದ್ರಲ್ಲಿ ಅವನಿಗೆ ದುಃಖ ಬೆರೆಸಿದ ಸೀನಿಯ್ ದ್ರಾಕ್ಷಾರಸ ಮೊಗೆದು ಕೊಡ್ತಾರೆ. ಅದೇ ಕಾವ್ಯದಲ್ಲಿ ಮಿಂಚೂ ಸೀನಿಯ್, ಸಮುದ್ರವೂ ಸೀನಿಯ್. ಕಪ್ಪು ಮೈಬಣ್ಣದವರಿಗೆ, ದೆವ್ವಕ್ಕೆ ಕೂಡ ಈ ಬೇರಿನ ಪದ ಬಳಸ್ತಿದ್ರು. ಇದನ್ನ ಸಂಸ್ಕೃತದ ಶ್ಯಾಮ ಪದದ ಬಳಗಕ್ಕೆ ಸೇರಿಸೋರು ಬಹಳ ಜನ. ನಮಗಂತೂ ಇದು ಅರ್ಥ ಆಗೋಕೆ ಕಷ್ಟ ಇಲ್ಲ, ಹೆಸರಲ್ಲಿ ಕಪ್ಪಾದ ಕೃಷ್ಣನಿಗೆ ಚಿತ್ರದಲ್ಲಿ ನೀಲಿ ಬಳೀತೀವಿ, ನೀಲಮೇಘಶ್ಯಾಮ ಅಂತ ಎರಡನ್ನೂ ಒಂದೇ ಉಸಿರಲ್ಲಿ ಕರೀತೀವಿ.

ಎರಡು ಪದ ಇದ್ರೆ ಕಣ್ಣಿಗೂ ಎರಡು ಬಣ್ಣ ಕಾಣುತ್ತಾ?

ಕಣ್ಣು ಎಲ್ರಿಗೂ ಅದೇ. ಆದ್ರೆ 2007ರಲ್ಲಿ ಅಮೆರಿಕದಲ್ಲಿ ಜೊನಾಥನ್ ವಿನಾವರ್, ಲೆರಾ ಬೊರೊಡಿಟ್‌ಸ್ಕಿ ಮತ್ತೆ ಜೊತೆಗಾರರು ಮಾಡಿದ ಪ್ರಯೋಗ ಇದೆ. ಮೂರು ನೀಲಿ ಚೌಕ, ಮೇಲೊಂದು ಕೆಳಗೆರಡು, ಕೆಳಗಿನ ಯಾವುದು ಮೇಲಿನದ್ದಕ್ಕೆ ಸಮ ಅಂತ ಬೇಗ ಒತ್ತಬೇಕು. ಕೆಳಗಿನ ಎರಡರಲ್ಲಿ ಒಂದು ಸೀನಿಯ್, ಇನ್ನೊಂದು ಗೊಲುಬೋಯ್ ಆದಾಗ ರಷ್ಯನ್ನರು ಬೇಗ ಉತ್ತರ ಕೊಟ್ರು, ಎರಡೂ ಒಂದೇ ಹೆಸರಿನವಾದ್ರೆ ನಿಧಾನ. ಇಂಗ್ಲಿಷ್ ಮಾತಾಡೋರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಅಂಕೆಗಳನ್ನ ಮನಸ್ಸಲ್ಲೇ ಹೇಳ್ಕೊಳ್ತಾ ಇದೇ ಕೆಲಸ ಮಾಡಿ ಅಂದಾಗ ರಷ್ಯನ್ನರ ಆ ವೇಗವೂ ಹೋಯ್ತು. ಒಳಗೆ ಪದ ಬೇರೆ ಕಡೆ ಬಿಜಿ ಆದ್ರೆ ಅದರ ಸಹಾಯ ಸಿಗಲ್ಲ ಅಂತ ಆಯ್ತು. 1969ರಲ್ಲಿ ಬರ್ಲಿನ್ ಮತ್ತೆ ಕೇ ಅನ್ನೋ ಇಬ್ಬರು ಸಂಶೋಧಕರು ಒಂದು ಭಾಷೆಗೆ ಹೆಚ್ಚೆಂದ್ರೆ 11 ಮೂಲ ಬಣ್ಣದ ಪದ (ಇನ್ನೊಂದು ಬಣ್ಣದ ಬಗೆ ಅಂತ ಅನ್ನಿಸದೆ ತಾನೇ ನಿಲ್ಲೋ ಪದ) ಅಂತ ವಾದಿಸಿದಾಗ ರಷ್ಯನ್‌ನ 12 ಅವರಿಗೂ ಒಂದು ತೊಡಕಾಗಿತ್ತು.

ಚೆಕ್‌ನಲ್ಲಿ ಕೆಂಪಿಗೂ ಎರಡು ಪದ ಅಂತೆ?

ಚೆರ್ವೆನೀ ಸಾಮಾನ್ಯ ಕೆಂಪು, ರುದೀ ಕಡುಗೆಂಪು, ಜೊತೆಗೆ ರಾಜಕೀಯದ ಕೆಂಪು. ಕಮ್ಯುನಿಸ್ಟ್ ಪಾರ್ಟಿಯ ಪತ್ರಿಕೆ ರುದೇ ಪ್ರಾವೊ, ಕೆಂಪು ಸೈನ್ಯ ರುದಾ ಆರ್ಮಾದಾ. ಈ ರುದ್ ಹುಳದ ಪದಕ್ಕಿಂತ ಬಹಳ ಹಳೇದು, ಸಂಸ್ಕೃತದಲ್ಲಿ ರುಧಿರ ಆಗಿರೋದು ಇದೇ. ಸ್ಲೊವೇನಿಯನ್‌ನಲ್ಲಿ ಇವತ್ತಿಗೂ ಸಾಮಾನ್ಯ ಕೆಂಪು ರ್ದೆಚ್, ಇದೇ ಬೇರು. ಉಳಿದ ಕಡೆ ಬಣ್ಣದ ಜಾಗವನ್ನ ಚೆರ್ವ್ ಕಿತ್ಕೊಂಡ ಮೇಲೆ ಈ ಬೇರು ವಸ್ತುಗಳಲ್ಲಿ ಹೋಗಿ ಕೂತಿದೆ. ರುದಾ ಅಂದ್ರೆ ಅದಿರು, ರಷ್ಯನ್‌ನಲ್ಲಿ ರ್ಝಾವ್ಚಿನಾ ಅಂದ್ರೆ ತುಕ್ಕು, ರೀಝಿಯ್ ಅಂದ್ರೆ ಕೆಂಚು ಕೂದಲಿನವನು.